ಪ್ಲೇಟೋನ ಊರಿನಲ್ಲಿ ಆಟ ಆಡಿಸಬಹುದೇ?

ಪ್ರಶ್ನೆ: ನಮ್ಮದು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಸಣ್ಣ ಕನ್ನಡ ಸಂಘ. ಹೆಚ್ಚಿನವರು ಹೋಟೆಲು, ಕ್ಯಾಂಟೀನು, ಕೇಟರಿಂಗ್ ಕೆಲಸದವರು. ಈ ವರ್ಷ ಊರಿನಿಂದ ಮೇಳ ಕರೆಸಿ ಯಕ್ಷಗಾನದ ಆಟ ಆಡಿಸಬೇಕು ಅಂತ ತೀರ್ಮಾನ ಆಯಿತು. ಖರ್ಚು ಮೂರೂವರೆ ಲಕ್ಷ. ಮೀಟಿಂಗಿನಲ್ಲಿ ಒಬ್ಬ ಹುಡುಗ ಎದ್ದು ನಿಂತು, "ನಮ್ಮವರದೇ ಮೂರು ಮಕ್ಕಳಿಗೆ ಕಾಲೇಜು ಫೀಸು ಕಟ್ಟೋಕೆ ಆಗ್ತಾ ಇಲ್ಲ, ಒಂದು ಸಂಜೆಯ ಕುಣಿತಕ್ಕೆ ಇಷ್ಟು ಸುರಿಯೋದು ಯಾವ ನ್ಯಾಯ?" ಎಂದು ಕೇಳಿದ. ಗ್ರೀಕ್ ತತ್ವಜ್ಞಾನಿ ಪ್ಲೇಟೋ ಕೂಡ ತನ್ನ ನ್ಯಾಯದ ಊರಿನಿಂದ ಕವಿಗಳನ್ನು, ನಟರನ್ನು ಹೊರಗೆ ಹಾಕಿದ್ದನಂತೆ. ಯಾರಿಗೂ ಉತ್ತರ ಹೊಳೆಯಲಿಲ್ಲ. ಮೇಷ್ಟ್ರೇ, ಆಟ ಅನ್ನೋದು ಕಲೆಯೋ, ಬರೀ ಮನರಂಜನೆಯೋ? ನ್ಯಾಯವಾದ ಸಮಾಜದಲ್ಲಿ ಅದಕ್ಕೆ ಜಾಗ ಇದೆಯಾ?

ಉತ್ತರ: ಮೊದಲು ಆ ಹುಡುಗನಿಗೆ ನನ್ನ ಲೆಕ್ಕದಲ್ಲಿ ಒಂದು ಕಾಫಿ ಕುಡಿಸಿ. ಸಂಘದ ಮೀಟಿಂಗಿನಲ್ಲಿ ಹಾಲ್ ಬುಕಿಂಗು, ಶಾಲು, ಹಾರ, ಊಟದ ಲೆಕ್ಕ ಬಿಟ್ಟು ಬೇರೆ ಮಾತು ಎತ್ತಿದವನು ಅವನೊಬ್ಬನೇ ಇರಬೇಕು. ಅವನ ಪ್ರಶ್ನೆ ಸರಿ ಇದೆ. ಪ್ಲೇಟೋನ ಬಗ್ಗೆ ಹೇಳಿದ್ದು ಮಾತ್ರ ಅರ್ಧ ಸರಿ. ಆ ಅರ್ಧದಿಂದಲೇ ಶುರು ಮಾಡುತ್ತೇನೆ.

ಪ್ಲೇಟೋನ 'ರಿಪಬ್ಲಿಕ್' ಸುಮಾರು 2400 ವರ್ಷ ಹಳೆಯ ಪುಸ್ತಕ. ನ್ಯಾಯ ಅಂದರೇನು, ನ್ಯಾಯವಾದ ಊರು ಹೇಗಿರುತ್ತದೆ ಅನ್ನುವುದೇ ಅದರ ವಿಷಯ. ಆದರೆ ಅದು ಶುರುವಾಗುವುದು ಹೇಗೆ ಗೊತ್ತಾ? ಪ್ಲೇಟೋನ ಗುರು ಸಾಕ್ರೆಟಿಸ್ ಅಥೆನ್ಸಿನಿಂದ ಪಿರೇಯಸ್ ಬಂದರಿಗೆ ಇಳಿದು ಬಂದು ಅಲ್ಲಿಯ ಜಾತ್ರೆ ನೋಡಿದ್ದಾನೆ. ವಾಪಸ್ ಹೊರಟವನನ್ನು ಗೆಳೆಯರು ತಡೆಯುತ್ತಾರೆ. ಸಂಜೆ ಕುದುರೆ ಮೇಲೆ ದೊಂದಿ ಹಿಡಿದು ಓಡುವ ಪಂದ್ಯ ಇದೆ, ಆಮೇಲೆ ರಾತ್ರಿಯಿಡೀ ಉತ್ಸವ, ಊಟ ಮಾಡಿಕೊಂಡು ಹೋಗಿ ನೋಡೋಣ ಅನ್ನುತ್ತಾರೆ. ಅವನು ಉಳಿಯುತ್ತಾನೆ. ಮನೆಯೊಂದರಲ್ಲಿ ಕೂತು ಮಾತಿಗೆ ತೊಡಗುತ್ತಾರೆ. ಆ ಮಾತೇ ಹತ್ತು ಭಾಗದ ಪುಸ್ತಕವಾಗುತ್ತದೆ. ಉತ್ಸವ ನೋಡಲು ಯಾರೂ ಏಳುವುದೇ ಇಲ್ಲ! ಊರಿನಲ್ಲಿ ಆಟಕ್ಕೆ ಅಂತ ಹೊರಟು, ಗದ್ದೆ ಬದಿಯ ಚಾದಂಗಡಿಯಲ್ಲಿ ಮಾತಾಡುತ್ತಾ ಬೆಳಗು ಮಾಡಿದವರನ್ನು ನಾನೂ ನೋಡಿದ್ದೇನೆ. ರಾತ್ರಿಯ ಆಟ ತಪ್ಪಿಸಿಕೊಂಡವರ ಪುಸ್ತಕ ಅದು. ಅದರಲ್ಲಿ ನಟರಿಗೆ ಜಾಗ ಸಿಗದೆ ಹೋದದ್ದು ಆಶ್ಚರ್ಯ ಅಲ್ಲ.

ತಮಾಷೆ ಇರಲಿ. ಹತ್ತನೇ ಭಾಗದಲ್ಲಿ ಪ್ಲೇಟೋ ಎರಡು ದೂರು ಕೊಡುತ್ತಾನೆ. ಮೊದಲನೆಯದು ಮಂಚದ್ದು. ಮಂಚ ಅನ್ನುವ ನಿಜರೂಪ ಒಂದಿದೆ, ಅದನ್ನು ನೋಡಿ ಬಡಗಿ ಒಂದು ಮಂಚ ಮಾಡುತ್ತಾನೆ, ಬಡಗಿಯ ಮಂಚ ನೋಡಿ ಚಿತ್ರಗಾರ ಮಂಚದ ಚಿತ್ರ ಬರೆಯುತ್ತಾನೆ. ಅಂದರೆ ಅದು ನಕಲಿನ ನಕಲು. ಮಲಗೋಕೂ ಬರಲ್ಲ, ಸತ್ಯಕ್ಕೂ ಹತ್ತಿರ ಇಲ್ಲ. ಎರಡನೆಯ ದೂರು ಅಳುವಿನದು. ಮನೆಯಲ್ಲಿ ಸಾವಾದಾಗ ನಾಲ್ಕು ಜನರ ಎದುರು ಹಲ್ಲು ಕಚ್ಚಿ ತಡೆದುಕೊಳ್ಳುವ ಅಳುವನ್ನು ನಾಟಕದಲ್ಲಿ ಬಿಟ್ಟುಕೊಡುತ್ತೇವೆ, ಸುಖವನ್ನೂ ಪಡುತ್ತೇವೆ. ಹೀಗೆ ಮನಸ್ಸಿನ ಮೆತ್ತಗಿನ ಭಾಗಕ್ಕೆ ನೀರೆರೆದರೆ ಅದು ಗಿಡವಾಗಿ ಆಳಲು ಶುರು ಮಾಡುತ್ತದೆ ಎಂದು ಅವನ ಭಯ.

ಪರೀಕ್ಷೆಗೆ ಬರುವುದು ಈ ಎರಡೇ. ಮೂವತ್ತು ವರ್ಷ ನಾನೂ ಇವನ್ನೇ ಬೋರ್ಡಿನ ಮೇಲೆ ಬರೆದೆ. ಆದರೆ ಅವನಿಗೆ ನಿಜವಾಗಿ ಚುಚ್ಚಿದ್ದು ಮೂರನೆಯದು ಅಂತ ನನಗೆ ಅನ್ನಿಸುತ್ತದೆ. ಅದು ಹಿಂದೆಯೇ, ಮೂರನೇ ಭಾಗದಲ್ಲಿ ಇದೆ. ಯಾವ ವೇಷ ಬೇಕಾದರೂ ಹಾಕಬಲ್ಲ, ಯಾರ ಮಾತನ್ನು ಬೇಕಾದರೂ ಆಡಬಲ್ಲ ಒಬ್ಬ ಕಲಾವಿದ ನಮ್ಮ ಊರಿಗೆ ಬಂದರೆ ಏನು ಮಾಡೋಣ? ಅವನಿಗೆ ಕೈ ಮುಗಿಯೋಣ, ತಲೆಗೆ ಪರಿಮಳದ ಎಣ್ಣೆ ಹಾಕೋಣ, ಉಣ್ಣೆಯ ಮಾಲೆ ಸುತ್ತೋಣ, ಆಮೇಲೆ "ನಿನ್ನಂಥವರಿಗೆ ಇಲ್ಲಿ ಜಾಗ ಇಲ್ಲ" ಎಂದು ಬೇರೆ ಊರಿನ ದಾರಿ ತೋರಿಸೋಣ. ಸನ್ಮಾನ ಮಾಡಿ ಸಾಗಹಾಕುವುದು! ನಮ್ಮ ಸಂಘಗಳಿಗೆ ಇದು ಹೊಸತೇನಲ್ಲ.

ಯಾಕೆ ಜಾಗ ಇಲ್ಲ? ಪ್ಲೇಟೋನ ಪ್ರಕಾರ ನ್ಯಾಯ ಅಂದರೆ ಒಬ್ಬನಿಗೆ ಒಂದೇ ಕೆಲಸ. ಚಮ್ಮಾರ ಚಮ್ಮಾರನೇ, ಸೈನಿಕ ಸೈನಿಕನೇ, ಆಳುವವನು ಆಳುವವನೇ. ಅವರವರ ಕೆಲಸ ಅವರವರು ಮಾಡಿಕೊಂಡು, ಇನ್ನೊಬ್ಬರದಕ್ಕೆ ಕೈ ಹಾಕದೆ ಇದ್ದರೆ ಅದೇ ನ್ಯಾಯ. ಅಂಥ ಊರಿನಲ್ಲಿ ಒಬ್ಬನೇ ಮನುಷ್ಯ ಹಗಲು ಒಂದು, ರಾತ್ರಿ ಇನ್ನೊಂದು ಆದರೆ ಕಟ್ಟಿದ ಲೆಕ್ಕವೇ ಕೆಡುತ್ತದೆ.

ಈ ಲೆಕ್ಕ ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ಕೇಳಿದ್ದೇವೆ. ಅಂಬೇಡ್ಕರ್ 1936ರಲ್ಲಿ ಪ್ರಕಟಿಸಿದ 'ಜಾತಿ ವಿನಾಶ' ಭಾಷಣದಲ್ಲಿ ಚಾತುರ್ವರ್ಣ್ಯಕ್ಕೂ ಪ್ಲೇಟೋನ ಊರಿಗೂ ಇರುವ ಹೋಲಿಕೆಯನ್ನು ನೇರವಾಗಿ ಎತ್ತುತ್ತಾರೆ. ಮನುಷ್ಯರನ್ನು ಮೂರು ನಾಲ್ಕು ಡಬ್ಬಿಗಳಲ್ಲಿ ತುಂಬಿಡುವುದು ಮನುಷ್ಯನ ಬಗ್ಗೆ ತೀರಾ ಮೇಲುಮೇಲಿನ ತಿಳಿವಳಿಕೆ, ಒಬ್ಬೊಬ್ಬನಲ್ಲೂ ಹಲವು ಶಕ್ತಿಗಳು ಇರುತ್ತವೆ ಅನ್ನುವುದು ಅವರ ವಾದ. ದಾದರಿನ ಹಿಂದೂ ಕಾಲೊನಿಯಲ್ಲಿ ಅವರು ಪುಸ್ತಕಗಳಿಗೆಂದೇ ಕಟ್ಟಿಸಿದ 'ರಾಜಗೃಹ' ಇದೆಯಲ್ಲ, ಅಲ್ಲಿಂದ ನಮ್ಮ ಮಾಟುಂಗಾದ ಮೈಸೂರು ಅಸೋಸಿಯೇಶನ್ನಿಗೆ ನಡೆದೇ ಹೋಗಬಹುದು. ಅಸೋಸಿಯೇಶನ್ನಿನಲ್ಲಿ ನಾಟಕ ನೋಡಿ ಹೊರಗೆ ಬಂದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಈಗ ನನ್ನದೇ ಒಂದು ವಿಷಯ ಹೇಳಬೇಕು. ನಾನು ಹದಿಮೂರನೇ ವಯಸ್ಸಿಗೆ ಊರು ಬಿಟ್ಟು ಮುಂಬಯಿಗೆ ಬಂದವನು. ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ. ಸಂಜೆ ಕನ್ನಡ ರಾತ್ರಿಶಾಲೆ. ಹೋಟೆಲಿನ ಹೆಸರು ಬೇಡ. ಅಲ್ಲಿ ದೋಸೆಗೆ ನಿಲ್ಲುತ್ತಿದ್ದ ಭಟ್ಟರು ಒಬ್ಬರಿದ್ದರು. ಅವರ ಬಲಗೈ ಮೊಣಕೈವರೆಗೂ ಕಾವಲಿ ತಾಗಿ ಸುಟ್ಟ ಕಲೆಗಳು, ಹಳತರ ಮೇಲೆ ಹೊಸತು. ಮಾತು ಕಡಿಮೆ. ಒಂದು ಭಾನುವಾರ ಸಂಜೆ ಹತ್ತಿರದ ಶಾಲೆಯ ಕೋಣೆಯಲ್ಲಿ ತಾಳಮದ್ದಳೆ ಇತ್ತು. ಪ್ರಸಂಗ ವಾಲಿಮೋಕ್ಷ. ರಾಮನ ಅರ್ಥ, ಅಂದರೆ ರಾಮನಾಗಿ ಆಡುವ ಮಾತು, ನಮ್ಮ ಮಾಲೀಕರದು, ವಾಲಿಯ ಅರ್ಥ ಈ ಭಟ್ಟರದು. ನನಗೆ ಚಾ ಕೊಡುವ ಡ್ಯೂಟಿ.

ತಾಳಮದ್ದಳೆಯಲ್ಲಿ ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ನಡುವೆ ಪದ್ಯ ಹಾಡುವ ಭಾಗವತರು, ಚೆಂಡೆ, ಮದ್ದಳೆ. ಎದುರುಬದುರು ಅರ್ಥಧಾರಿಗಳು. ಭಟ್ಟರು ಒಗೆದ ಶರ್ಟು ಹಾಕಿ, ಶಾಲು ಹೊದ್ದು ಕೂತಿದ್ದರು. ತೋಳು ಮಡಚಿದ್ದರಿಂದ ಆ ಸುಟ್ಟ ಕಲೆಗಳು ಕಾಣುತ್ತಿದ್ದವು. ಬಾಣ ತಾಗಿ ಬಿದ್ದ ವಾಲಿಯ ಪದ್ಯ ಮುಗಿಯಿತು. ಭಟ್ಟರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಕೇಳಿದರು. ನಿನಗೂ ನನಗೂ ಏನು ಹಗೆ? ನಿನ್ನ ಊರಿಗೆ ನಾನು ಬಂದೆನೇ, ನಿನ್ನ ಫಲ ಕಿತ್ತೆನೇ? ಜಗಳ ನಮ್ಮ ಅಣ್ಣತಮ್ಮಂದಿರದು, ನಡುವೆ ನೀನು ಯಾರು? ಬಂದೆಯಲ್ಲ, ಎದುರಿಗೆ ಬಂದೆಯಾ? ಮರದ ಮರೆಯಲ್ಲಿ ನಿಂತು ಹೊಡೆದವನನ್ನು ಧರ್ಮಾತ್ಮ ಅಂತ ಕರೆಯುವವರು ಯಾರು, ಅವರಿಗೆ ನೀನು ಏನು ಕೊಟ್ಟಿದ್ದೀಯೆ?

ನಾನು ಬಾಗಿಲ ಹತ್ತಿರ ಕೆಟಲ್ ಹಿಡಿದು ನಿಂತಿದ್ದೆ. ಕೈ ಸುಡುತ್ತಿತ್ತು, ಇಳಿಸಲು ನೆನಪಾಗಲಿಲ್ಲ. ಮಾಲೀಕರು ತಡವರಿಸಿದರು. ರಾಮನಿಗೆ ಉತ್ತರ ಇಲ್ಲ ಅಂತಲ್ಲ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದಕ್ಕೆ ಶಿಕ್ಷೆ, ರಾಜ್ಯ ಭರತನದು, ನಾನು ಅವನ ಪರವಾಗಿ ದಂಡಿಸಿದೆ, ಮೃಗವನ್ನು ಮರೆಯಿಂದ ಹೊಡೆಯುವುದು ಬೇಟೆಯ ರೀತಿ, ಇವೆಲ್ಲ ವಾಲ್ಮೀಕಿಯಲ್ಲೇ ಇವೆ. ಮಾಲೀಕರು ಇಷ್ಟನ್ನೂ ಹೇಳಿದರು. ವಾಲಿ ಒಂದೊಂದನ್ನೂ ಎತ್ತಿಕೊಂಡು ತಿರುಗಿ ಕೇಳಿದ. ನಾನು ಮೃಗವಾದರೆ ನನಗೆ ಮನುಷ್ಯರ ಮದುವೆಯ ನಿಯಮ ಯಾಕೆ? ನನಗೆ ಆ ನಿಯಮ ಇದೆ ಅಂತಾದರೆ ಮನುಷ್ಯರಿಗೆ ಕೊಡುವ ಎದುರಾಎದುರಿನ ಯುದ್ಧ ನನಗೆ ಯಾಕಿಲ್ಲ?

ಮರುದಿನ ಬೆಳಿಗ್ಗೆ ಐದಕ್ಕೆ ಭಟ್ಟರು ಕಾವಲಿಗೆ ಎಣ್ಣೆ ಸವರುತ್ತಿದ್ದರು. ಮಾಲೀಕರು ಬಂದು, "ನಿನ್ನೆ ಸ್ವಲ್ಪ ಜಾಸ್ತಿ ಆಯ್ತು ಭಟ್ರೇ" ಅಂದರು. ಭಟ್ಟರು ತಲೆ ಎತ್ತದೆ, "ವಾಲಿಯದ್ದು ಧನಿಗಳೇ, ನನ್ನದಲ್ಲ" ಅಂದರು.

ಪ್ಲೇಟೋ ಹೆದರಿದ್ದು ಇದಕ್ಕೇ. ಸಂಜೆಯ ಎರಡು ಗಂಟೆ ದೋಸೆಯವರು ದೋಸೆಯವರಾಗಿ ಉಳಿಯಲಿಲ್ಲ. ಆ ಹೋಟೆಲಿನಲ್ಲಿ ಮಾಲೀಕರನ್ನು "ಯಾಕೆ?" ಎಂದು ಕೇಳುವ ಜಾಗ ಬೇರೆ ಎಲ್ಲೂ ಇರಲಿಲ್ಲ. ಹಾಗಂತ ಇದನ್ನು ಸಿನಿಮಾ ಮಾಡುವುದು ಬೇಡ. ಭಟ್ಟರ ಸಂಬಳ ಒಂದು ರೂಪಾಯಿ ಜಾಸ್ತಿ ಆಗಲಿಲ್ಲ. ಕೈಯ ಸುಟ್ಟ ಕಲೆಗಳು ಹಾಗೇ ಇದ್ದವು. ಮೋರಿಯ ಬಳಿ ನನ್ನ ಕೆಲಸವೂ ಹಾಗೇ ಇತ್ತು. ಕಲೆಯಿಂದ ನ್ಯಾಯ ಬರುತ್ತದೆ ಅಂತ ಯಾರಾದರೂ ವೇದಿಕೆ ಮೇಲೆ ಹೇಳಿದರೆ ನನಗೆ ಆ ಮೋರಿ ಕಾಣುತ್ತದೆ. ನ್ಯಾಯ ತರುವುದು ಕಾನೂನು, ಯೂನಿಯನ್ನು, ಶಾಲೆ. ಕಲೆ ಮಾಡುವುದು ಅದಕ್ಕಿಂತ ಸಣ್ಣದು, ಆದರೆ ಅದಿಲ್ಲದೆ ಈ ದೊಡ್ಡವು ಕೂಡ ಕುರುಡಾಗುತ್ತವೆ: ಸೋತವನಿಗೆ, ಎದುರಿನವನಿಗೆ ಪೂರ್ತಿ ಮಾತು ಕೊಡುತ್ತದೆ. ಕೋರ್ಟಿನಲ್ಲೂ ಅವನಿಗೆ ಮಾತು ಇದೆ, ವಕೀಲರ ಫೀಸು ಕೊಡೋಕೆ ಆದರೆ.

ಇದು ನಾನು ಕಟ್ಟಿದ ಮಾತಲ್ಲ. ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯ ಓದಿ. ವೇದ ಕೇಳುವ ಹಕ್ಕು ಶೂದ್ರರಿಗೆ ಇಲ್ಲದ್ದರಿಂದ ಎಲ್ಲ ವರ್ಣದವರಿಗೂ ಸೇರಿದ ಐದನೇ ವೇದವಾಗಿ ಬ್ರಹ್ಮ ನಾಟ್ಯವನ್ನು ಮಾಡಿದ ಎಂದು ಅಲ್ಲಿದೆ. ಇದನ್ನು ಎಲ್ಲರೂ ಉದ್ಘಾಟನಾ ಭಾಷಣದಲ್ಲಿ ಹೇಳುತ್ತಾರೆ. ಮುಂದಿನ ಕತೆ ಯಾರೂ ಹೇಳುವುದಿಲ್ಲ. ಮೊದಲ ಪ್ರದರ್ಶನ ನಡೆದದ್ದು ಇಂದ್ರಧ್ವಜದ ಹಬ್ಬದಲ್ಲಿ. ವಸ್ತು ಏನು? ದೇವತೆಗಳು ದೈತ್ಯರನ್ನು ಸೋಲಿಸಿದ್ದು. ದೈತ್ಯರೂ ನೋಡುವವರಲ್ಲಿ ಇದ್ದರು! ಅವರಿಗೆ ಸಿಟ್ಟು ಬಂತು. ವಿರೂಪಾಕ್ಷನೆಂಬ ದೈತ್ಯನನ್ನು ಮುಂದಿಟ್ಟುಕೊಂಡು ವಿಘ್ನಗಳು ನುಗ್ಗಿ ನಟರ ಮಾತು, ನಡೆ, ನೆನಪು ಎಲ್ಲವನ್ನೂ ಕಟ್ಟಿಹಾಕಿದವು. ಇಂದ್ರ ಧ್ವಜದ ಕೋಲಿನಿಂದಲೇ ಬಡಿದ. ಬಂದೋಬಸ್ತಿಗಾಗಿ ರಂಗಮಂದಿರ ಕಟ್ಟಿಸಿದರು. ನಾಟಕ, ಗಲಾಟೆ, ಲಾಠಿ, ಬಂದೋಬಸ್ತು, ಎಲ್ಲ ಮೊದಲ ಪ್ರದರ್ಶನದಲ್ಲೇ ಆಗಿ ಹೋಗಿವೆ.

ಆದರೆ ಕತೆ ಅಲ್ಲಿಗೆ ನಿಲ್ಲುವುದಿಲ್ಲ. ದೇವತೆಗಳೇ ಬ್ರಹ್ಮನಿಗೆ, ಮೊದಲು ಮಾತಾಡಿ ನೋಡು ಅನ್ನುತ್ತಾರೆ. ಬ್ರಹ್ಮ ಕೇಳುತ್ತಾನೆ, ಯಾಕೆ ಕೆಡಿಸುತ್ತೀರಿ ಅಂತ. ವಿರೂಪಾಕ್ಷ ಹೇಳುವ ಉತ್ತರ ಮುಖಕ್ಕೆ ಹೊಡೆದ ಹಾಗಿದೆ: ದೇವತೆಗಳೂ ನಿನ್ನಿಂದ ಹುಟ್ಟಿದವರು, ನಾವೂ ನಿನ್ನಿಂದ ಹುಟ್ಟಿದವರು, ನಮ್ಮನ್ನು ಅವಮಾನ ಮಾಡುವ ಇಂಥದ್ದನ್ನು ನೀನು ಮಾಡಬಾರದಿತ್ತು. ಬ್ರಹ್ಮ ಅವನನ್ನು ಗದರಿಸುವುದಿಲ್ಲ. ಇದು ನಿಮ್ಮದು ಮಾತ್ರ ಅಲ್ಲ, ದೇವತೆಗಳದು ಮಾತ್ರವೂ ಅಲ್ಲ, ಮೂರು ಲೋಕದ ಸ್ಥಿತಿಯನ್ನೂ ತೋರಿಸುವುದು ಅನ್ನುತ್ತಾನೆ. ನಾಟ್ಯ ಅಂದರೇನು ಅನ್ನುವ ಆ ಪುಸ್ತಕದ ದೊಡ್ಡ ವಿವರಣೆ ಬಂದದ್ದೇ ದೈತ್ಯನೊಬ್ಬನ ದೂರಿಗೆ ಉತ್ತರವಾಗಿ. ಕಲೆ ಏನು ಅನ್ನುವ ಪ್ರಶ್ನೆಯೂ ನ್ಯಾಯ ಏನು ಅನ್ನುವ ಪ್ರಶ್ನೆಯೂ ಅಲ್ಲಿ ಒಂದೇ ಬಾಯಿಂದ ಬಂದಿವೆ.

ಕೊನೆಯ ಅಧ್ಯಾಯದಲ್ಲಿ ಇದರ ಇನ್ನೊಂದು ಮುಖ ಇದೆ. ಭರತಮುನಿಯ ಮಕ್ಕಳು ಋಷಿಗಳನ್ನೇ ಗೇಲಿ ಮಾಡುವ ಆಟ ಆಡುತ್ತಾರೆ. ಋಷಿಗಳು ಶಾಪ ಕೊಡುತ್ತಾರೆ, ನೀವು ಶೂದ್ರರಾಗಿ ಹೋಗಿ ಅಂತ. ದೈತ್ಯರಿಗೆ ಬೇಜಾರಾದರೆ ಸಮಾಧಾನದ ಮಾತು, ಋಷಿಗಳಿಗೆ ಬೇಜಾರಾದರೆ ಶಾಪ. ನಟರ ಜಾತಿ ಇಳಿದುಹೋಗುವ ಶಾಪ. ಈ ಎರಡು ಕತೆ ಅಕ್ಕಪಕ್ಕ ಇಟ್ಟು ನೋಡಿದರೆ ಕಲೆಗೂ ಸಮಾಜಕ್ಕೂ ಇರುವ ಸಂಬಂಧ ಅರ್ಧ ತಿಳಿದ ಹಾಗೆ.

ಕಲೆಯೋ ಮನರಂಜನೆಯೋ ಅನ್ನುವುದನ್ನು ಬೇಗ ಮುಗಿಸುತ್ತೇನೆ, ಅದರಲ್ಲಿ ಹೆಚ್ಚು ತಿರುಳಿಲ್ಲ. 1917ರಲ್ಲಿ ಮಾರ್ಸೆಲ್ ದುಶಾಂ ಎಂಬ ಕಲಾವಿದ ಅಂಗಡಿಯಲ್ಲಿ ಸಿಗುವ ಮೂತ್ರದ ಬಟ್ಟಲನ್ನು ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳಿಸಿದ. ಅಂದಿನಿಂದ ವಸ್ತುವನ್ನು ಮಾತ್ರ ತಿರುಗಿಸಿ ಮುರುಗಿಸಿ ನೋಡಿ ಇದು ಕಲೆ, ಇದು ಅಲ್ಲ ಅನ್ನುವ ದಾರಿ ಮುಚ್ಚಿತು ಅಂತಲೇ ಹೇಳಬೇಕು. ನನ್ನ ಅಳತೆ ಸರಳ. ಆಟ ಮುಗಿದು ಲೋಕಲಿನಲ್ಲಿ ಕೂತ ಮೇಲೂ ಅದರ ಮೇಲೆ ಜಗಳ ಆಡಬೇಕು ಅನ್ನಿಸಿದರೆ ಅದು ನನಗೆ ಕಲೆ. ಬರೀ ನಗೆ ಬಂತು, ಮರೆತೆ ಅಂದರೆ ಅದೂ ಪಾಪ ಏನಲ್ಲ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದವನು ನಗುವುದಕ್ಕೆ ತತ್ವಶಾಸ್ತ್ರದವರ ಪರ್ಮಿಶನ್ ಬೇಡ.

ಈಗ ದುಡ್ಡು. ನಿಮ್ಮ ಹುಡುಗನ ನಿಜವಾದ ಪ್ರಶ್ನೆ ಇದೇ.

ಜರ್ಮನ್ ತತ್ವಜ್ಞಾನಿ ಕಾಂಟ್ 1790ರ ತನ್ನ ಪುಸ್ತಕದಲ್ಲಿ ಒಂದು ಅರಮನೆಯ ಉದಾಹರಣೆ ಕೊಡುತ್ತಾನೆ. ಈ ಅರಮನೆ ಚೆಂದ ಇದೆಯಾ ಅಂತ ಯಾರಾದರೂ ಕೇಳಿದರೆ, ಬಡವರ ಬೆವರನ್ನು ಇಂಥ ಶೋಕಿಗೆ ಸುರಿದಿದ್ದಾರೆ ಎಂದು ನಾನು ಬೈಯಬಹುದು. ಪ್ಯಾರಿಸಿಗೆ ಬಂದ ಅಮೆರಿಕದ ಮೂಲನಿವಾಸಿ ನಾಯಕನೊಬ್ಬನ ಹಾಗೆ, ನನಗೆ ಇಲ್ಲಿಯ ಅಡುಗೆಯಂಗಡಿಗಳಷ್ಟು ಇಷ್ಟವಾದದ್ದು ಬೇರೆ ಇಲ್ಲ ಅಂತಲೂ ಹೇಳಬಹುದು. (ಹೋಟೆಲಿನವರಾದ ನಮಗೆ ಆ ನಾಯಕ ಬಹಳ ಬೇಕಾದವನು.) ಅದೆಲ್ಲ ಒಪ್ಪತಕ್ಕ ಮಾತೇ, ಆದರೆ ಈಗ ಕೇಳಿದ್ದು ಅದಲ್ಲ, ಚೆಂದವೋ ಅಲ್ಲವೋ ಅಂತ ಮಾತ್ರ ಅನ್ನುತ್ತಾನೆ ಕಾಂಟ್. ಚೆಂದದ ಪ್ರಶ್ನೆ ಬೇರೆ, ಬೆವರಿನ ಪ್ರಶ್ನೆ ಬೇರೆ.

ನಮ್ಮ ಬಸವಣ್ಣ ಇದನ್ನು ಹೀಗೆ ಬೇರೆ ಮಾಡಲು ಬಿಡುವುದಿಲ್ಲ. ಉಳ್ಳವರು ದೇವಾಲಯ ಕಟ್ಟುತ್ತಾರೆ, ಬಡವ ನಾನೇನು ಮಾಡಲಿ ಎಂದು ಶುರು ಮಾಡಿ, ಕಾಲನ್ನು ಕಂಬ ಮಾಡಿ, ಮೈಯನ್ನು ದೇಗುಲ ಮಾಡಿ, ತಲೆಯನ್ನು ಹೊನ್ನಕಳಶ ಮಾಡಿ, ನಿಂತದ್ದಕ್ಕೆ ಅಳಿವುಂಟು, ನಡೆಯುವುದಕ್ಕೆ ಇಲ್ಲ ಅನ್ನುತ್ತಾನೆ. ದುಡ್ಡಿದ್ದವರ ಕಲೆಯ ಮೇಲೆ ಇಷ್ಟು ದೊಡ್ಡ ತಕರಾರು. ಆದರೆ ಅದನ್ನು ಅವನು ಹೇಳಿದ್ದು ಎಂಟುನೂರು ವರ್ಷ ಬಾಯಿಂದ ಬಾಯಿಗೆ ಉಳಿಯುವಂಥ ಪದ್ಯದಲ್ಲಿ. ಕಲೆಯನ್ನು ಕಲೆಯಿಂದಲೇ ದೂರಿದ. ಖರ್ಚು ಸೊನ್ನೆ!

ಮುಂಬಯಿಯಲ್ಲಿ ಈ ಬೆವರಿನ ಪ್ರಶ್ನೆ ಕೇಳಲು ಹೊರಟರೆ ಯಾವ ಕಟ್ಟಡವೂ ಉಳಿಯುವುದಿಲ್ಲ. ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರು ಜೆ.ಜೆ. ಕಲಾಶಾಲೆ ಇದೆ, 1857ರಲ್ಲಿ ಶುರುವಾದದ್ದು. ಒಂದು ಲಕ್ಷ ರೂಪಾಯಿ ದಾನ ಕೊಟ್ಟವರು ಜಮ್ಶೇಟ್‌ಜಿ ಜೀಜೀಭಾಯ್. ಅವರ ಸಂಪತ್ತು ಬಂದದ್ದು ಚೀನಾಕ್ಕೆ ಹತ್ತಿ ಮತ್ತು ಅಫೀಮು ಸಾಗಿಸಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದ ಕೆ.ಕೆ. ಹೆಬ್ಬಾರರು ಕಲಿತದ್ದು ಆ ಶಾಲೆಯಲ್ಲಿ, ಆಮೇಲೆ ಅಲ್ಲೇ ಪಾಠವನ್ನೂ ಮಾಡಿದರು. ಹೆಬ್ಬಾರರ ಒಂದು ರೇಖೆ ಕುಣಿಯುವುದನ್ನು ನೋಡಿದರೆ ಎಲ್ಲ ಮರೆಯುತ್ತದೆ. ಮರೆಯಬೇಕಾ? ನನಗೆ ಎರಡೂ ಒಟ್ಟಿಗೆ ನೆನಪಿರಲಿ ಅಂತ ಆಸೆ. ಅಫೀಮಿನ ದುಡ್ಡು ಅಂತ ಹೆಬ್ಬಾರರ ಚಿತ್ರ ಕೆಡುವುದಿಲ್ಲ. ಚಿತ್ರ ಚೆಂದ ಅಂತ ಅಫೀಮು ತೊಳೆದು ಹೋಗುವುದೂ ಇಲ್ಲ.

ಸಮಾಜದ ದುಡ್ಡನ್ನು ಕಲೆಗೆ ಕೊಡಬೇಕೋ ಬೇಡವೋ ಅನ್ನುವುದರ ಬಗ್ಗೆ ನೇರವಾಗಿ ಯೋಚಿಸಿದವರು ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್. ಅವರ 'ಎ ಥಿಯರಿ ಆಫ್ ಜಸ್ಟಿಸ್' ಬಂದದ್ದು 1971ರಲ್ಲಿ. ಅವರ ಒಂದು ಉಪಾಯ ನಿಮ್ಮ ಮೀಟಿಂಗಿನಲ್ಲೇ ಆಡಿ ನೋಡಬಹುದು. ನಿಮ್ಮ ಎದುರು ಒಂದು ಪರದೆ ಇದೆ ಅಂತ ತಿಳಿಯಿರಿ. ಪರದೆ ಎದ್ದಾಗ ನೀವು ಯಾರಾಗಿರುತ್ತೀರಿ ಗೊತ್ತಿಲ್ಲ. ಸಂಘದ ಅಧ್ಯಕ್ಷರಾ, ಫೀಸು ಕಟ್ಟಲಾಗದ ಹುಡುಗಿಯಾ, ಊರಿನಿಂದ ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಬಂದ ಮದ್ದಳೆಗಾರರಾ, ಆಟ ಅಂದರೆ ತಲೆನೋವು ಅನ್ನುವ ಮನುಷ್ಯನಾ? ಯಾರಾದರೂ ಆಗಬಹುದು ಅಂತ ಇಟ್ಟುಕೊಂಡು ಈ ಮೂರೂವರೆ ಲಕ್ಷ ಹಂಚಿ.

ಹಾಗೆ ಕೂತರೆ ಮೊದಲು ಫೀಸಿನ ದುಡ್ಡು ತೆಗೆದಿಡುತ್ತೀರಿ. ಹುಡುಗ ಗೆದ್ದ. ಕಲೆ ಶ್ರೇಷ್ಠವಾದದ್ದು ಅನ್ನುವ ಒಂದೇ ಕಾರಣಕ್ಕೆ ಎಲ್ಲರಿಂದ ತೆರಿಗೆ ಎತ್ತಿ ಅದಕ್ಕೆ ಹಾಕುವುದನ್ನು ರಾಲ್ಸ್ ಕೂಡ ಒಪ್ಪುವುದಿಲ್ಲ. ಬೇಕಾದವರು ತಾವಾಗಿ ದುಡ್ಡು ಕೂಡಿಸಿ ಆಡಿಸಿಕೊಳ್ಳಲಿ ಅನ್ನುತ್ತಾರೆ. ನಿಮ್ಮದು ಸಂಘ, ಸರ್ಕಾರ ಅಲ್ಲ, ಹಾಗಾಗಿ ಬಚಾವು. ಪೂರ್ತಿ ಬಚಾವಲ್ಲ. ವಂತಿಗೆ ಹೇಗೆ ಎತ್ತುತ್ತೀರಿ? ಕೆಲವು ಕಡೆ ಮಾಲೀಕರು ಕೆಲಸಗಾರರ ಪಗಾರದಲ್ಲೇ ಆಟದ ವಂತಿಗೆ ಹಿಡಿದು, "ನಮ್ಮ ಹುಡುಗರ ಕಡೆಯಿಂದ" ಎಂದು ಕವರ್ ಕೊಡುವುದನ್ನು ಕಂಡಿದ್ದೇನೆ. ಅದು ತಾವಾಗಿ ಕೊಟ್ಟದ್ದಲ್ಲ.

ಆದರೆ ಹುಡುಗ ಪೂರ್ತಿ ಗೆಲ್ಲುವುದೂ ಇಲ್ಲ. ಒಳ್ಳೆಯ ಸಮಾಜ ಹಂಚಬೇಕಾದ್ದರಲ್ಲಿ ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು ಸ್ವಂತ ಮರ್ಯಾದೆ ಎಂದು ಅದೇ ರಾಲ್ಸ್ ಬರೆಯುತ್ತಾರೆ. ತನ್ನ ಬದುಕಿಗೆ ಬೆಲೆ ಇದೆ ಅನ್ನುವ ಭರವಸೆ. ಅದು ಇಲ್ಲದಿದ್ದರೆ ಉಳಿದದ್ದು ಸಿಕ್ಕಿಯೂ ಸಪ್ಪೆ. ಅದು ಫೀಸಿನಿಂದಲೂ ಬರುತ್ತದೆ, ನಿಜ. ಆದರೆ ಹಗಲೆಲ್ಲ "ಏ ಛೋಟು" ಅನ್ನಿಸಿಕೊಂಡವನಿಗೆ ಅವನ ಊರಿನ ಮಾತು, ಅವನ ಊರಿನ ಚೆಂಡೆ ಈ ದೊಡ್ಡ ಪಟ್ಟಣದಲ್ಲಿ ಮೈಕಿನಲ್ಲಿ ಕೇಳಿಸಿದರೆ ಏನಾಗುತ್ತದೆ ಅನ್ನುವುದು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು, ಮೀಟಿಂಗಿನಲ್ಲಿ ಯಾರೂ ಕೇಳದ ಒಂದು ಪ್ರಶ್ನೆ. ಯಾರ ಕುಣಿತಕ್ಕೆ ನಾವು ಕಲೆ ಅನ್ನುತ್ತೇವೆ? 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಬಾರುಗಳಲ್ಲಿ ಡ್ಯಾನ್ಸ್ ನಿಲ್ಲಿಸಿತು. ನಮ್ಮವರಿಗೆ ಇದು ಪೇಪರಿನ ಸುದ್ದಿ ಆಗಿರಲಿಲ್ಲ. ಮಾಲೀಕರು, ಮ್ಯಾನೇಜರರು, ವೇಟರುಗಳು ಎಷ್ಟೋ ಜನ ಕರಾವಳಿಯವರು. ಕುಣಿಯುವ ಹೆಂಗಸರು ಮಾತ್ರ ಬೇರೆ ಬೇರೆ ರಾಜ್ಯದ ಬಡವರ ಮನೆಯವರು, ಅವರಲ್ಲಿ ಹಲವರು ತಲೆಮಾರುಗಳಿಂದ ಕುಣಿದೇ ಬದುಕಿದ ಸಮುದಾಯದವರು. ಮಜಾ ಏನೆಂದರೆ ಅದೇ ಕಾನೂನು ಮೂರು ಸ್ಟಾರ್ ಮತ್ತು ಅದಕ್ಕೆ ಮೇಲಿನ ಹೋಟೆಲುಗಳಿಗೆ ವಿನಾಯಿತಿ ಕೊಟ್ಟಿತ್ತು. ಅದೇ ಹಾಡು, ಅದೇ ಹೆಜ್ಜೆ, ನೆಲಕ್ಕೆ ಮಾರ್ಬಲ್ ಇದ್ದರೆ ಸಂಸ್ಕೃತಿ, ಇಲ್ಲದಿದ್ದರೆ ಅಶ್ಲೀಲ. 2006ರಲ್ಲಿ ಬಾಂಬೆ ಹೈಕೋರ್ಟ್ ಇದನ್ನು ಹೊಡೆದುಹಾಕಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಆಮೇಲೂ ಹೊಸ ಕಾನೂನು, ಹೊಸ ಷರತ್ತು, 2019ರಲ್ಲಿ ಮತ್ತೆ ಕೋರ್ಟು. ಅಷ್ಟರಲ್ಲಿ ಕುಣಿಯುತ್ತಿದ್ದವರು ಎಲ್ಲೆಲ್ಲೋ ಚದುರಿಹೋಗಿದ್ದರು.

ಬಾರಿನ ಕುಣಿತ ದೊಡ್ಡ ಕಲೆ ಅಂತ ನಾನು ವಾದಿಸುತ್ತಿಲ್ಲ. ಅಲ್ಲಿ ಶೋಷಣೆ ಇತ್ತು, ಅದನ್ನು ನೋಡಿದವರು ನಮ್ಮ ನಡುವೆಯೇ ಇದ್ದಾರೆ. ನಾನು ಹೇಳುವುದು ಅಳತೆಗೋಲಿನ ಬಗ್ಗೆ. ನೋಡುವವರ ಜೇಬು ನೋಡಿ ಕಲೆ ಯಾವುದು ಅಂತ ತೀರ್ಮಾನ ಮಾಡಿದರೆ ಅದು ಅನ್ಯಾಯ. ನಮ್ಮ ಆಟವೂ ಈ ವಿಷಯದಲ್ಲಿ ತುಳಸಿಕಟ್ಟೆ ಏನಲ್ಲ. ದ್ರೌಪದಿ, ಸೀತೆ, ದೇವಿ ಎಲ್ಲರನ್ನೂ ಗಂಡಸರೇ ಮಾಡಿದ ಕಾಲ ಬಹಳ ಉದ್ದ. ಹೆಂಗಸರ ತಂಡಗಳು ಬಂದ ಮೇಲೂ "ಹವ್ಯಾಸಿಗಳು" ಅಂತ ಮಧ್ಯಾಹ್ನದ ಹೊತ್ತು ಕೊಡುವವರಿದ್ದಾರೆ. ವಿರೂಪಾಕ್ಷ ಇವತ್ತು ಎದ್ದು ಬಂದರೆ ವೇಷ ಕಟ್ಟುವ ನಿಮ್ಮ ಚೌಕಿಯ ಬಾಗಿಲಲ್ಲಿ ನಿಂತು ಒಳಗೆ ಯಾರ್ಯಾರು ಇದ್ದಾರೆ ಅಂತ ಮೊದಲು ನೋಡುತ್ತಾನೆ.

ಇಷ್ಟಾದ ಮೇಲೆ ನಿಮ್ಮ ಆಟದ ಬಗ್ಗೆ ನನಗೆ ಅನ್ನಿಸಿದ್ದು. ಆಡಿಸಿ. ಆದರೆ ಲೆಕ್ಕದ ಹಾಳೆ ತಿರುಗಿಸಿ ಬರೆಯಿರಿ. ಮೂರು ಮಕ್ಕಳ ಫೀಸು ಮೊದಲ ಸಾಲು. ಮೇಳದವರ ವೀಳ್ಯ ಎರಡನೆಯದು, ಅದರಲ್ಲಿ ಚೌಕಾಸಿ ಬೇಡ, ಪೆಟ್ಟಿಗೆ ಹೊರುವವರಿಗೂ ಕೈಗೆ ಬರುವ ಹಾಗೆ ನೋಡಿ. ಸಾಲದೆ ಬಂದರೆ ಕತ್ತರಿಸಬೇಕಾದ್ದು ಎಲ್ಲಿ ಅಂತ ನಿಮಗೇ ಗೊತ್ತಿದೆ: ಫ್ಲೆಕ್ಸು, ಶಾಲು, ಮೆಮೆಂಟೊ, ಅತಿಥಿಗಳ ಕಾರು, ಒಂದೂವರೆ ಗಂಟೆಯ ಸಭಾ ಕಾರ್ಯಕ್ರಮ. ರಾತ್ರಿ ಹತ್ತಕ್ಕೆ ಮೈಕು ನಿಲ್ಲಿಸಲೇಬೇಕು, ಆಟ ಹೇಗೂ ಕಾಲಮಿತಿ. ಭಾಷಣಕ್ಕೆ ಹೋದ ಒಂದೊಂದು ನಿಮಿಷವೂ ರಾಕ್ಷಸನ ಮಾತಿನಿಂದ ಕಳೆದದ್ದೇ. ಹೋಟೆಲಿನ ಹುಡುಗರಿಗೆ ಆ ದಿನ ರಜೆ ಕೊಡಿಸಿ. ಅವರು ಚಾ ಕೊಡುತ್ತಾ ಬಾಗಿಲಲ್ಲಿ ನಿಂತು ನೋಡುವುದು ಬೇಡ, ಕೂತು ನೋಡಲಿ. ಅಂದಿನ ಚಾ ಸಮಿತಿಯವರು ಕೊಡಲಿ. ಪ್ಲೇಟೋಗೆ ಸಿಟ್ಟು ಬರುತ್ತದೆ, ಬರಲಿ.

ಅಂದ ಹಾಗೆ, ಕವಿತೆಯ ಪರವಾಗಿ ಯಾರಾದರೂ ವಕಾಲತ್ತು ಹಿಡಿದು, ಅದು ಖುಷಿ ಮಾತ್ರ ಅಲ್ಲ, ಊರಿಗೆ ಉಪಯೋಗವೂ ಹೌದು ಎಂದು ತೋರಿಸಿದರೆ ಸಂತೋಷದಿಂದ ಒಳಗೆ ಕರೆಯುತ್ತೇವೆ ಅಂತಲೂ ಪ್ಲೇಟೋ ಹತ್ತನೇ ಭಾಗದಲ್ಲಿ ಬರೆದಿದ್ದಾನೆ. ಗಡಿಪಾರಿಗೆ ಅಪೀಲಿನ ಅವಕಾಶ ಅವನೇ ಇಟ್ಟಿದ್ದ. ನಿಮ್ಮ ಹುಡುಗನಿಗೆ ಈ ಪುಟ ತೋರಿಸಿ. ಅವನಿಗೆ ಮಾತು ಚೆನ್ನಾಗಿದೆ, ಮುಂದಿನ ವರ್ಷ ತಾಳಮದ್ದಳೆಗೆ ಕೂರಿಸಿದರೆ ಒಳ್ಳೆಯ ವಾಲಿ ಆಗಬಹುದು.

ಪತ್ರದಲ್ಲಿ ನೀವು ಪ್ರಸಂಗ ಯಾವುದು ಅಂತಲೇ ಬರೆದಿಲ್ಲ. ತಿಳಿಸಿ. ವಾಲಿ ಇದ್ದರೆ ನಾನೂ ಬರುತ್ತೇನೆ. ಡೊಂಬಿವಲಿ ಫಾಸ್ಟಿಗೆ ನುಗ್ಗುವ ವಯಸ್ಸು ಹೋಯಿತು, ಮಾಟುಂಗಾದಿಂದ ಮಧ್ಯಾಹ್ನದ ಸ್ಲೋ ಹಿಡಿದು ನಿಧಾನಕ್ಕೆ ಬಂದು ಕೂರುತ್ತೇನೆ.